ಎಂಟನೇ ಟೇಪು: ಎಡಿಟ್ ಮಾಡಿದ ಆಟವನ್ನು ಮತ್ತೆ ಕ್ಯಾಮ್‌ಕಾರ್ಡರಿಗೆ ಇಳಿಸಿದ ಕತೆ

ದೊಡ್ಡಪ್ಪನ ಕಪಾಟಿನಲ್ಲಿ ಏಳು ಮಿನಿ ಡಿವಿ ಟೇಪುಗಳಿವೆ, ಹಳೇ ವಿಡಿಯೋ ಕ್ಯಾಮೆರಾಕ್ಕೆ ಹಾಕುವ ಪುಟ್ಟ ಕ್ಯಾಸೆಟ್ಟುಗಳು. ಬಾಲ್‌ಪೆನ್ನಿನಲ್ಲಿ 1 ರಿಂದ 7 ರ ತನಕ ನಂಬರ್ ಹಾಕಿದ್ದಾರೆ. 2008 ರ ಫೆಬ್ರವರಿಯಲ್ಲಿ, ಕುಂದಾಪುರದ ಹತ್ತಿರ ನಮ್ಮ ಮನೆ ಮುಂದಿನ ಕೊಯ್ಲಾದ ಗದ್ದೆಯಲ್ಲಿ ಹರಕೆ ಆಟ ಆಡಿಸಿದ್ದೆವು. ರಾತ್ರಿ ಒಂಬತ್ತೂವರೆಗೆ ಶುರುವಾದ ಯಕ್ಷಗಾನ ಬೆಳಗ್ಗೆ ಆರಕ್ಕೆ ಮಂಗಳ ಹಾಡಿತು. ಎಂಟೂವರೆ ಗಂಟೆಯ ಆಟಕ್ಕೆ ಏಳು ಗಂಟೆಯ ಟೇಪು. ಉಳಿದ ಒಂದೂವರೆ ಗಂಟೆ ದೊಡ್ಡಪ್ಪ ಚಾ ಕುಡಿದದ್ದು, ಟೇಪು ಬದಲಿಸಿದ್ದು, ಕುರ್ಚಿಯಲ್ಲಿ ತೂಕಡಿಸಿದ್ದು.

ಆಗ ಅವರು ದುಬೈಯಲ್ಲಿ ಕೆಲಸದಲ್ಲಿದ್ದರು. ರಜೆಗೆ ಬರುವಾಗ ಹೊಸ ಎಚ್‌ಡಿ ಕ್ಯಾಮ್‌ಕಾರ್ಡರ್ ತಂದಿದ್ದರು. ಇಡೀ ಸೀಮೆಯಲ್ಲಿ ಅಂಥದ್ದು ಯಾರ ಹತ್ತಿರವೂ ಇರಲಿಲ್ಲ ಅನ್ನುವುದು ಅವರ ಮಾತು. ನಾನು ಪರೀಕ್ಷೆ ಮಾಡಲು ಹೋಗಿಲ್ಲ.

ಈ ಮಳೆಗಾಲದಲ್ಲಿ ಊರಿಗೆ ಹೋದಾಗ ಒಂದು ಕೆಲಸ ಹೇಳಿದರು. ಏಳು ಟೇಪು ಕೂತು ನೋಡಲು ಈಗ ಯಾರಿಗೂ ಪುರುಸೊತ್ತಿಲ್ಲ, ಒಳ್ಳೊಳ್ಳೆಯದನ್ನು ಆರಿಸಿ ಒಂದು ಗಂಟೆಗೆ ಇಳಿಸಿಕೊಡು, ನವರಾತ್ರಿಗೆ ಬರುವಾಗ ತಾ. ಅದೆಷ್ಟರ ಕೆಲಸ, ಪೆನ್‌ಡ್ರೈವಿಗೆ ಹಾಕಿ ತರುತ್ತೇನೆ ಅಂದೆ.

"ಪೆನ್‌ಡ್ರೈವ್ ಬೇಡ ಮಾರಾಯಾ. ಟೇಪಲ್ಲೇ ಬೇಕು. ಇದಕ್ಕೆ ಹಾಕಿ, ವಯರ್ ಟಿವಿಗೆ ಚುಚ್ಚಿ, ಗುಂಡಿ ಒತ್ತಿದ್ರೆ ಬರ್ಬೇಕು."

ಅಲ್ಲಿಂದ ಶುರು. ಟೇಪಿನಿಂದ ಕಂಪ್ಯೂಟರಿಗೆ ತರುವುದು ಬಹಳ ಜನ ಮಾಡಿದ ಕೆಲಸ. ಎಡಿಟ್ ಮಾಡಿದ್ದನ್ನು ತಿರುಗಿ ಅದೇ ಕ್ಯಾಮೆರಾದ ಟೇಪಿಗೆ ಇಳಿಸುವುದು ಈಗ ಯಾರೂ ಮಾಡದ ಕೆಲಸ. ನನಗೆ ಐದು ವಾರ ಹಿಡಿಯಿತು.

ಸಾಮಾನು ಮತ್ತು ಒಂದಿಷ್ಟು ಲೆಕ್ಕ

ಕ್ಯಾಮೆರಾ ಎಚ್‌ಡಿವಿ ಜಾತಿಯದು. 2003 ರಲ್ಲಿ ಕ್ಯಾನನ್, ಶಾರ್ಪ್, ಸೋನಿ, ಜೆವಿಸಿ ಸೇರಿ ಹೊರತಂದ ಮಾದರಿ ಅದು. ಉಪಾಯ ಜಾಣತನದ್ದು. ಹಳೇ ಮಿನಿ ಡಿವಿ ಟೇಪೇ ಇರಲಿ, ಅದು ಓಡುವ ವೇಗವೂ ಹಾಗೇ ಇರಲಿ, ಸೆಕೆಂಡಿಗೆ 25 ಮೆಗಾಬಿಟ್ ಜಾಗದಲ್ಲೇ ಎಂಪೆಗ್-2 ಅನ್ನುವ, ಚಿತ್ರವನ್ನು ಹಿಂಡಿ ಚಿಕ್ಕದು ಮಾಡುವ ವಿಧಾನ ಬಳಸಿ ಎಚ್‌ಡಿ ಚಿತ್ರವನ್ನು ತುರುಕೋಣ ಅಂತ. ಹಾಗಾಗಿ ಚಿತ್ರದ ಅಗಲ 1920 ಪಿಕ್ಸೆಲ್ ಅಲ್ಲ, 1440. ಎತ್ತರ 1080. ತೋರಿಸುವಾಗ ಅಡ್ಡಕ್ಕೆ ಎಳೆದು 16:9 ಮಾಡುತ್ತದೆ. ಧ್ವನಿ ಎಂಪೆಗ್-1 ಲೇಯರ್ 2, 384 ಕಿಲೋಬಿಟ್. ದುಬೈಯಲ್ಲೂ ನಮ್ಮಲ್ಲೂ ಟಿವಿಗೆ ಪ್ಯಾಲ್ ಪದ್ಧತಿ, ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, 50 ಫೀಲ್ಡ್ (ಒಂದು ಫೀಲ್ಡ್ ಅಂದರೆ ಅರ್ಧ ಫ್ರೇಮ್).

12 ಫ್ರೇಮಿಗೆ ಒಂದು ಕಟ್ಟು. ಈ ಕಟ್ಟಿನ ವಿಷಯ ನೆನಪಿರಲಿ, ಆಮೇಲೆ ಕಾಡುತ್ತದೆ. ಪ್ರತಿ ಕಟ್ಟಿನಲ್ಲಿ ತನ್ನಷ್ಟಕ್ಕೆ ಪೂರ್ತಿಯಾದ ಚಿತ್ರ ಒಂದೇ. ಉಳಿದ 11 ಬರೀ ಅಕ್ಕಪಕ್ಕದ ಚಿತ್ರಕ್ಕಿಂತ ಏನು ಬೇರೆ ಅನ್ನುವ ಲೆಕ್ಕ. ಹಳೇ ಡಿವಿಯಲ್ಲಿ ಟೇಪಿನ ಮೇಲೆ ಧೂಳು ಕೂತರೆ ಚಿತ್ರದಲ್ಲಿ ನಾಲ್ಕು ಚೌಕ ಕೆಡುತ್ತಿತ್ತು, ಅಷ್ಟೆ. ಎಚ್‌ಡಿವಿಯಲ್ಲಿ ಒಂದು ಕಟ್ಟೇ ಹೋದರೆ ಅರ್ಧ ಸೆಕೆಂಡ್ ಆಟ ಹೋಯಿತು.

ಕ್ಯಾಮೆರಾದಲ್ಲಿ ಯುಎಸ್‌ಬಿ ಕಿಂಡಿ ಇದೆ. ಅದು ಕಾರ್ಡಿನ ಫೋಟೋಗೆ ಮಾತ್ರ. ಟೇಪಿನ ವ್ಯವಹಾರವೆಲ್ಲ ಫೈರ್‌ವೈರ್ ಅನ್ನುವ ಹಳೇ ಕೇಬಲ್ ಕಿಂಡಿಯ ಮೂಲಕ. ಕೆಲವು ಕ್ಯಾಮೆರಾಗಳ ಮೇಲೆ ಅದನ್ನೇ ಐ.ಲಿಂಕ್ ಅಂತ ಬರೆದಿರುತ್ತದೆ. ಈಗಿನ ಯಾವ ಲ್ಯಾಪ್‌ಟಾಪಿನಲ್ಲೂ ಅದಿಲ್ಲ. ಮ್ಯಾಕ್ ಇರುವ ಗೆಳೆಯ ತನ್ನದನ್ನು ಕೊಡುತ್ತೇನೆ ಅಂದ. ಆದರೆ ಅವನು 2025 ರ ಮ್ಯಾಕ್‌ಓಎಸ್‌ಗೆ ಆಗಲೇ ಹೋಗಿದ್ದ, ಅದರಲ್ಲಿ ಫೈರ್‌ವೈರ್ ಬೆಂಬಲವನ್ನೇ ತೆಗೆದುಬಿಟ್ಟಿದ್ದಾರೆ. ಕೊನೆಗೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಮೂರು ಅಂಗಡಿ ಹತ್ತಿ ಇಳಿದು, ನಾಲ್ಕನೆಯದರಲ್ಲಿ ಕಂಪ್ಯೂಟರಿನೊಳಗೆ ಕೂರಿಸುವ ಒಂದು ಫೈರ್‌ವೈರ್ ಕಾರ್ಡ್ (ಪಿಸಿಐ ಎಕ್ಸ್‌ಪ್ರೆಸ್ ಜಾತಿಯದು) ಸಿಕ್ಕಿತು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವುದನ್ನೇ ಕೇಳಿ ತೆಗೆದುಕೊಂಡೆ, ವಿಡಿಯೋ ಕೆಲಸ ಮಾಡುವವರು ಮೊದಲಿನಿಂದಲೂ ಅದನ್ನೇ ನಂಬುತ್ತಾರೆ. ಅಂಗಡಿಯವನು ಕಾರ್ಡಿನ ಧೂಳು ಊದಿ, "ಇದನ್ನು ಕೇಳಿ ಬಂದವರನ್ನ ನೋಡಿ ವರ್ಷಗಳಾಯ್ತು ಸಾರ್" ಅಂದ. ಧೂಳು ನೋಡಿದರೇ ಗೊತ್ತಾಗುತ್ತಿತ್ತು.

ಕೇಬಲ್ ಬಗ್ಗೆ ಒಂದು ಎಚ್ಚರಿಕೆ. ಕ್ಯಾಮೆರಾ ಕಡೆ 4 ಪಿನ್, ಕಾರ್ಡಿನ ಕಡೆ 6 ಪಿನ್. ಆ 6 ರಲ್ಲಿ ಎರಡು ಪಿನ್ ಕರೆಂಟ್ ಸಾಗಿಸುತ್ತವೆ. ಕಿಂಡಿ ಸಡಿಲವಾಗಿದ್ದು ಪ್ಲಗ್ಗನ್ನು ತಿರುವುಮುರುವು ತುರುಕಿದರೆ ಆ ಕರೆಂಟ್ ಸಿಗ್ನಲ್ ತಂತಿಗೆ ನುಗ್ಗಿ ಕ್ಯಾಮೆರಾದ ಪೋರ್ಟ್ ಸುಡುತ್ತದೆ. ಎರಡನ್ನೂ ಆಫ್ ಮಾಡಿ, ಟಾರ್ಚ್ ಬಿಟ್ಟು ನೋಡಿ ಚುಚ್ಚಿ. ಸುಟ್ಟ ಪೋರ್ಟಿಗೆ ಬಿಡಿಭಾಗ ಈಗ ಸಿಗುವುದಿಲ್ಲ.

ಇನ್ನೊಂದು ಭಯವೂ ಇತ್ತು. ಯುರೋಪಿನಲ್ಲಿ ಮಾರಿದ ಹಲವು ಕ್ಯಾಮ್‌ಕಾರ್ಡರುಗಳಲ್ಲಿ ಫೈರ್‌ವೈರ್ ಹೊರಕ್ಕೆ ಮಾತ್ರ, ಒಳಕ್ಕೆ ಇಲ್ಲ. ಹೊರಗಿನ ವಿಡಿಯೋವನ್ನು ರೆಕಾರ್ಡ್ ಮಾಡಿಕೊಂಡರೆ ಅದು ಕ್ಯಾಮೆರಾ ಅಲ್ಲ, ವಿಡಿಯೋ ರೆಕಾರ್ಡರ್ ಅಂತ ಲೆಕ್ಕ ಹಾಕಿ ಅಲ್ಲಿ ಜಾಸ್ತಿ ಸುಂಕ ಹಾಕುತ್ತಿದ್ದರು. ಸುಂಕ ತಪ್ಪಿಸಲು ಕಂಪನಿಗಳು ಒಳದಾರಿಯನ್ನೇ ಮುಚ್ಚುತ್ತಿದ್ದವು. ನಮ್ಮದು ದುಬೈ ಮಾಲು. ಕಿಂಡಿಯ ಮುಚ್ಚಳ ತೆಗೆದರೆ ಇನ್, ಔಟ್ ಎರಡೂ ಬರೆದಿತ್ತು. ಸಮಾಧಾನ ಆಯಿತು.

ಟೇಪುಗಳನ್ನು ಒಳಗೆ ತಂದದ್ದರಲ್ಲಿ ಹೇಳುವಂಥದ್ದು ಕಡಿಮೆ. ಮೊದಲು ಒಣ ಕ್ಲೀನಿಂಗ್ ಟೇಪನ್ನು ಹತ್ತು ಸೆಕೆಂಡ್ ಓಡಿಸಿದೆ. ಅದಕ್ಕಿಂತ ಜಾಸ್ತಿ ಓಡಿಸಬಾರದು, ಅದು ಉಪ್ಪುಕಾಗದದ ತಂಗಿ. ಆಮೇಲೆ ಲಿನಕ್ಸಿನಲ್ಲಿ ಡಿವಿಗ್ರ್ಯಾಬ್ ಅನ್ನುವ ಪ್ರೋಗ್ರಾಮಿನಿಂದ ಒಂದೊಂದೇ ಟೇಪು. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಅವಸರ ಮಾಡಿಸಲು ಆಗುವುದಿಲ್ಲ. ಟೇಪಿಗೆ 12 ಜಿಬಿ ಹತ್ತಿರ. ಕರಾವಳಿಯ ಹವೆಯಲ್ಲಿ ಇಷ್ಟು ವರ್ಷ ಇದ್ದ ಟೇಪುಗಳಿಗೆ ಬೂಷ್ಟು ಹಿಡಿದಿರಬಹುದು ಅಂದುಕೊಂಡಿದ್ದೆ. ದೊಡ್ಡಮ್ಮ ಅವನ್ನು ಅಕ್ಕಿ ಡಬ್ಬದ ಪಕ್ಕ ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಇಟ್ಟು ಕಾಪಾಡಿದ್ದರು. ಮೂರನೇ ಟೇಪಿನಲ್ಲಿ ಮಾತ್ರ ಹದಿನಾರು ಕಡೆ ಚಿತ್ರ ನಿಂತು ಹೋಯಿತು.

ಎಡಿಟಿಂಗ್ ಕೆಡೆನ್‌ಲೈವಿನಲ್ಲಿ. ಒಡ್ಡೋಲಗ, ಅಂದರೆ ವೇಷಗಳು ರಂಗಕ್ಕೆ ಬರುವ ಮೊದಲ ಕುಣಿತ, ಪೂರ್ತಿ ಇಟ್ಟುಕೊಂಡೆ. ಯುದ್ಧದ ಕುಣಿತ, ಬಣ್ಣದ ವೇಷ (ರಾಕ್ಷಸ ಪಾತ್ರ) ಕೂಗು ಹಾಕುತ್ತ ಬರುವ ಜಾಗ, ಬೆಳಗಿನ ಜಾವದ ಮಂಗಳ. 43 ತುಂಡು, 58 ನಿಮಿಷ. ಚೆಂಡೆ ಬಿದ್ದಾಗಲೆಲ್ಲ ಕ್ಯಾಮೆರಾ ತಾನೇ ಮೈಕ್ ತಗ್ಗಿಸಿಕೊಂಡಿದೆ, ಭಾಗವತರ ದನಿ ಬಾವಿಗೆ ಇಳಿದ ಹಾಗೆ ಕೇಳುತ್ತದೆ. ಅದಕ್ಕೆ ಹೆಚ್ಚೇನೂ ಮಾಡಲು ಬರಲಿಲ್ಲ. ಹಾಸ್ಯಗಾರನ ಪ್ರಸಂಗ ಐದನೇ ಟೇಪಿನಲ್ಲಿ ಇಪ್ಪತ್ತು ನಿಮಿಷ ಇತ್ತು. ಉದ್ದ ಆಯಿತು ಅಂತ ಪೂರ್ತಿ ತೆಗೆದೆ. ಇದನ್ನೂ ನೆನಪಿಡಿ.

ಮೊದಲ ಸಲ: ಕಪ್ಪು ಪರದೆ

ವಿಡಿಯೋವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಎಫ್‌ಎಫ್‌ಎಂಪೆಗ್ ಅನ್ನುವ ಪ್ರೋಗ್ರಾಮಿಗೆ ಎಲ್ಲ ಲೆಕ್ಕ ಕೊಟ್ಟು ಫೈಲ್ ಮಾಡಿಸಿದೆ. 1440ಕ್ಕೆ 1080, ಎಂಪೆಗ್-2, 25 ಮೆಗಾಬಿಟ್, 12 ರ ಕಟ್ಟು, ಮೇಲಿನ ಫೀಲ್ಡ್ ಮೊದಲು, ಧ್ವನಿ 384. ಪುಸ್ತಕದಲ್ಲಿ ಇದ್ದಂತೆ.

ಕ್ಯಾಮೆರಾದಲ್ಲಿ ಹೊಸ ಟೇಪು ಹಾಕಿ, ಪ್ಲೇ ಮೋಡಿಗೆ ತಿರುಗಿಸಿ, ಮೆನುವಿನಲ್ಲಿ ಎರಡು ಕಡೆ ಸರಿ ಮಾಡಿದೆ. ಒಂದು, ಟೇಪಿನ ಜಾತಿಯನ್ನು ಆಟೋ ಬಿಟ್ಟು ಎಚ್‌ಡಿವಿ ಅಂತ ಗಟ್ಟಿ ಮಾಡಿದ್ದು. ಎರಡು, ಎಚ್‌ಡಿವಿಯನ್ನು ಡಿವಿಗೆ ಇಳಿಸಿ ಕಳಿಸುವ ಆಯ್ಕೆಯನ್ನು ಆಫ್ ಮಾಡಿದ್ದು. ಇವೆರಡನ್ನೂ ಕೇಬಲ್ ಚುಚ್ಚುವ ಮೊದಲೇ ಮಾಡಬೇಕು. ಚುಚ್ಚಿದ ಮೇಲೆ ಬದಲಿಸಿದರೆ ಕಂಪ್ಯೂಟರಿಗೂ ಕ್ಯಾಮೆರಾಕ್ಕೂ ಮಾತು ಬಿಡುತ್ತದೆ.

ಲಿನಕ್ಸಿನಲ್ಲಿ ಡಿವಿಕಾಂಟ್ ಅಂತ ಒಂದು ಸಣ್ಣ ಉಪಕರಣ ಇದೆ. ರೆಕಾರ್ಡ್ ಅಂದರೆ ಕ್ಯಾಮೆರಾ ರೆಕಾರ್ಡಿಗೆ ಹೋಗುತ್ತದೆ. ಫೈಲನ್ನು ತಂತಿಗೆ ಬಿಡಲು ಟೆಸ್ಟ್-ಎಂಪೆಗ್2 ಅನ್ನುವ ಇನ್ನೊಂದು. ಹೆಸರೇ ಹೇಳುವಂತೆ ಅದು ಪರೀಕ್ಷೆಗೆ ಬರೆದಿಟ್ಟ ಪ್ರೋಗ್ರಾಂ, ಮಾತು ಕಡಿಮೆ, ತಪ್ಪಾದರೂ ಬಾಯಿ ಬಿಡುವುದಿಲ್ಲ. ಎರಡನ್ನೂ ಓಡಿಸಿದೆ. ಟೇಪು ತಿರುಗಿತು. ಕೌಂಟರ್ ಓಡಿತು. ಕ್ಯಾಮೆರಾದ ಪರದೆ ಮಾತ್ರ ಕಪ್ಪು. ಹಿಂದೆ ಸುತ್ತಿ ಹಾಕಿದರೆ ಟೇಪಿನಲ್ಲೂ ಕಪ್ಪು.

ಮೂರು ದಿನ ತಪ್ಪು ಜಾಗದಲ್ಲಿ ಹುಡುಕಿದೆ. ಕೇಬಲ್ ಬದಲಿಸಿದೆ. ಬಿಟ್‌ರೇಟ್ ಇಳಿಸಿದೆ, ಏರಿಸಿದೆ. ಕಾರ್ಡನ್ನು ಬೇರೆ ಸ್ಲಾಟಿಗೆ ಹಾಕಿದೆ. ಮೊದಲೇ ಮಾಡಬೇಕಿದ್ದ ಪರೀಕ್ಷೆ ನಾಲ್ಕನೇ ದಿನ ಹೊಳೆಯಿತು. ಕ್ಯಾಮೆರಾದಿಂದಲೇ ಬಂದ ಫೈಲನ್ನು ಒಂದಿಷ್ಟೂ ಮುಟ್ಟದೆ ಹಾಗೇ ವಾಪಸ್ ಕಳಿಸಿ ನೋಡುವುದು. ಕಳಿಸಿದೆ. ಪರದೆಯಲ್ಲಿ ಭಾಗವತರು ಪ್ರತ್ಯಕ್ಷ! ಅಂದರೆ ಕೇಬಲ್ ಸರಿ, ಕಾರ್ಡ್ ಸರಿ, ಕ್ಯಾಮೆರಾ ಸರಿ. ತಪ್ಪು ನನ್ನ ಫೈಲಿನದು.

ನಾಲ್ಕು ಸ್ಟ್ರೀಮು

ಎರಡೂ ಫೈಲನ್ನು, ಒಳಗೇನಿದೆ ಅಂತ ತೋರಿಸುವ ಎಫ್‌ಎಫ್‌ಪ್ರೋಬಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿದೆ. ನನ್ನ ಫೈಲಿನಲ್ಲಿ ಎರಡು ಸ್ಟ್ರೀಮು, ಅಂದರೆ ಒಟ್ಟಿಗೆ ಹರಿಯುವ ಎರಡು ಎಳೆ: ಚಿತ್ರ, ಧ್ವನಿ. ಕ್ಯಾಮೆರಾದ ಫೈಲಿನಲ್ಲಿ ನಾಲ್ಕು. ಚಿತ್ರ 2064 ನೇ ನಂಬರಿನಲ್ಲಿ, ಧ್ವನಿ 2068 ರಲ್ಲಿ. ಜೊತೆಗೆ 2065, 2069 ಅಂತ ಇನ್ನೆರಡು, ಬರೀ ಡೇಟಾ ಅಂತ ತೋರಿಸುತ್ತಿತ್ತು. ಎಫ್‌ಎಫ್‌ಎಂಪೆಗ್ ತನ್ನಷ್ಟಕ್ಕೆ ಬಿಟ್ಟರೆ 256 ರಿಂದ ನಂಬರ್ ಕೊಡುತ್ತದೆ.

ನಂಬರ್ ಬದಲಿಸುವುದು ಸುಲಭ, ಬದಲಿಸಿದೆ. ಆಗಲೂ ಕಪ್ಪು. ಆ ಎರಡು ಡೇಟಾ ಸ್ಟ್ರೀಮುಗಳಲ್ಲಿ ಟೈಮ್‌ಕೋಡ್ (ಪ್ರತಿ ಫ್ರೇಮಿನ ಸಮಯದ ನಂಬರ್), ಚಿತ್ರ ತೆಗೆದ ದಿನಾಂಕ, ಹೀಗೆ ಕ್ಯಾಮೆರಾ ತನಗಾಗಿ ಬರೆದುಕೊಳ್ಳುವ ಲೆಕ್ಕಪತ್ರ ಇರುತ್ತದೆ. ಪ್ರತಿ ಕಟ್ಟಿನ ಜೊತೆಗೂ ಅದು ಬರುತ್ತದೆ. ಕಂಪ್ಯೂಟರಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಈ ಕ್ಯಾಮೆರಾಕ್ಕೆ ಹಾಗಲ್ಲ. ಸಾಮಾನು ಎಷ್ಟೇ ಚೆನ್ನಾಗಿರಲಿ, ಚೀಟಿ ಇಲ್ಲದಿದ್ದರೆ ಗೇಟು ತೆರೆಯದ ಕಾವಲುಗಾರನ ಹಾಗೆ.

ಇಷ್ಟು ದಿನ ನಾನು "ಎಚ್‌ಡಿವಿ ಅಂದರೆ ಎಂಪೆಗ್-2 ತಾನೇ" ಅಂದುಕೊಂಡಿದ್ದೆ. ಕ್ಯಾಮೆರಾ ಕೇಳುತ್ತಿದ್ದದ್ದು ಬೇರೆ ಪ್ರಶ್ನೆ. ಇದನ್ನು ನಾನೇ ತೆಗೆದಿರಬಹುದಾ? ಅದಕ್ಕೆ ಹೌದು ಅನ್ನಿಸುವಂತಿದ್ದರೆ ಮಾತ್ರ ಟೇಪಿಗೆ ಬರೆಯುತ್ತದೆ.

ಆ ಸ್ಟ್ರೀಮುಗಳನ್ನು ನಾನೇ ಕೂತು ಕಟ್ಟಬಹುದಿತ್ತೇನೋ, ನವರಾತ್ರಿ ಮುಂದಿನ ವರ್ಷ ಇದ್ದಿದ್ದರೆ. ಆದರೆ ಎಚ್‌ಡಿವಿ ಚಾಲ್ತಿಯಲ್ಲಿದ್ದ ಕಾಲದ ಎಡಿಟಿಂಗ್ ಸಾಫ್ಟ್‌ವೇರುಗಳಿಗೆ ಈ ಚೀಟಿ ಬರೆಯಲು ಗೊತ್ತಿತ್ತು. ನನ್ನ ಹಳೇ ಡಿಸ್ಕ್ ಒಂದರಲ್ಲಿ ವಿಂಡೋಸ್ 7 ಇತ್ತು, ಅದರಲ್ಲಿ ಆ ಕಾಲದ ವೆಗಾಸ್. ಎಚ್‌ಡಿವಿ 1080-50ಐ ಅನ್ನುವ ಸಿದ್ಧ ಅಚ್ಚು ಅದರಲ್ಲಿದೆ. ಫೈಲ್ ಮಾಡಿದ ಮೇಲೆ ಅದನ್ನು ಎಚ್‌ಡಿವಿ ಟೇಪಿಗೆ ಮುದ್ರಿಸುವ ಬೇರೆಯೇ ಮೆನು. ಡಿಸ್ಕನ್ನು ಸಿಕ್ಕಿಸಿ, ಇಂಟರ್ನೆಟ್ ತಂತಿ ಕಿತ್ತು, ಎದ್ದು ನಿಲ್ಲಿಸಿದೆ. ಡಿವೈಸ್ ಮ್ಯಾನೇಜರಿನಲ್ಲಿ ಫೈರ್‌ವೈರ್ ಕಾರ್ಡಿಗೆ ಲೆಗಸಿ ಅಂತ ಇರುವ ಹಳೇ ಡ್ರೈವರನ್ನು ಆರಿಸಿದೆ. ಎರಡು ನಿಮಿಷದ ತುಂಡನ್ನು ಕಳಿಸಿದೆ. ಬಂತು. ಟೇಪಿನಿಂದ ತಿರುಗಿ ಓಡಿಸಿದಾಗಲೂ ಬಂತು. ಆ ರಾತ್ರಿ ಒಳ್ಳೆಯ ನಿದ್ದೆ.

ಕೆಡೆನ್‌ಲೈವಿನಿಂದ ಪೂರ್ತಿ ಸಿನಿಮಾವನ್ನು ಒಂದೇ ದೊಡ್ಡ ಫೈಲಾಗಿ ತಂದು ಇಲ್ಲಿ ಮತ್ತೆ ಎಂಪೆಗ್-2 ಮಾಡಬಹುದಿತ್ತು. ಹಾಗೆ ಮಾಡಲಿಲ್ಲ. ವೆಗಾಸಿಗೆ ಮೂಲದ ಎಚ್‌ಡಿವಿ ತುಂಡುಗಳನ್ನೇ ಕೊಟ್ಟರೆ, ಬದಲಾವಣೆ ಇಲ್ಲದ ಭಾಗವನ್ನು ಮತ್ತೆ ಹಿಂಡದೆ ಹಾಗೇ ನಕಲು ಮಾಡುತ್ತದೆ. ಕತ್ತರಿ ಬಿದ್ದ ಜಾಗದ ಒಂದೆರಡು ಕಟ್ಟು ಮತ್ತು ಟೈಟಲ್ ಇರುವ ಜಾಗ ಮಾತ್ರ ಹೊಸದಾಗಿ ತಯಾರಾಗುತ್ತದೆ. ರಾತ್ರಿ ಹೊತ್ತು ಟ್ಯೂಬ್‌ಲೈಟಿನಲ್ಲಿ ತೆಗೆದ ಚಿತ್ರ ಮೊದಲೇ ಕಾಳುಕಾಳು. ಅದನ್ನು ಇನ್ನೊಮ್ಮೆ ಹಿಂಡಿದರೆ ಕೇದಗೆ ಮುಂದಲೆ ಅನ್ನುವ ತಲೆವೇಷದ ಜರಿ ಎಲ್ಲ ರವೆ ಉಪ್ಪಿಟ್ಟಾಗುತ್ತದೆ. ಹಾಗಾಗಿ 43 ತುಂಡುಗಳ ಆರಂಭ, ಅಂತ್ಯದ ಟೈಮ್‌ಕೋಡನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ವೆಗಾಸಿನಲ್ಲಿ ಕೈಯಾರೆ ಮತ್ತೆ ಕತ್ತರಿಸಿದೆ. ಎರಡು ರಾತ್ರಿ. ಬೇಜಾರಾಗಲಿಲ್ಲ. ಎರಡನೇ ಸಲ ಕತ್ತರಿಸುವಾಗ ಕೆಲವು ಕಡೆ ತಾಳಕ್ಕೆ ಇನ್ನೂ ಸರಿಯಾಗಿ ಕೂರಿಸಿದೆ.

ಅಜ್ಜನ ಇಪ್ಪತ್ತು ಸೆಕೆಂಡ್

ಹರಕೆ ಹೊತ್ತವರು ಅಜ್ಜ. ಆಟ ಆಡಿಸುವ ಹೊತ್ತಿಗೆ ಅವರಿರಲಿಲ್ಲ. 2003 ರ ಒಂದು ಹಳೇ ಡಿವಿ ಟೇಪಿನಲ್ಲಿ ಅವರು ಜಗಲಿಯಲ್ಲಿ ಕೂತು, ಕೈ ಬೀಸಿ ಬೀಸಿ ಯಾವುದೋ ವೇಷದ ಕತೆ ಹೇಳುವ ಇಪ್ಪತ್ತು ಸೆಕೆಂಡ್ ಇತ್ತು. ಅದನ್ನು ಟೇಪಿನ ಶುರುವಿಗೆ ಹಾಕಬೇಕು ಅನ್ನಿಸಿತು. ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ್ದು ಅದೇ ಇಪ್ಪತ್ತು ಸೆಕೆಂಡ್.

ಆ ಚಿತ್ರ 720ಕ್ಕೆ 576. ಅದನ್ನು 1080 ಎತ್ತರಕ್ಕೆ ಎಳೆದು ಹಾಕಿದೆ. ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಂಡಿತು. ಪರೀಕ್ಷೆಯ ಟೇಪಿಗೆ ಇಳಿಸಿ, ಕ್ಯಾಮೆರಾದಿಂದ ಟಿವಿಗೆ ಎಚ್‌ಡಿಎಂಐ ಎಳೆದು ನೋಡಿದರೆ ಅಜ್ಜನ ಕೈ ನಡುಗುತ್ತಿತ್ತು. ಅಜ್ಜನಿಗೆ ಕೈ ನಡುಕ ಇರಲಿಲ್ಲ.

ಇದು ಫೀಲ್ಡಿನ ಗಲಾಟೆ. ಆ ಕಾಲದ ಕ್ಯಾಮೆರಾಗಳು ಒಂದು ಫ್ರೇಮನ್ನು ಒಂದೇ ಕ್ಷಣದಲ್ಲಿ ಹಿಡಿಯುವುದಿಲ್ಲ. ಸಾಲು ಬಿಟ್ಟು ಸಾಲು ಹಿಡಿಯುತ್ತವೆ. ಮೊದಲು ಅರ್ಧ ಸಾಲುಗಳು, ಸೆಕೆಂಡಿನ ಐವತ್ತರಲ್ಲೊಂದು ಭಾಗ ಕಳೆದ ಮೇಲೆ ಉಳಿದರ್ಧ. ಎಚ್‌ಡಿವಿಯಲ್ಲಿ ಮೇಲಿನ ಸಾಲುಗಳು ಮೊದಲು. ಡಿವಿಯಲ್ಲಿ ಕೆಳಗಿನವು ಮೊದಲು. ನಾನು ಡಿವಿಯದ್ದನ್ನು ಹಾಗೇ ಎಚ್‌ಡಿವಿ ಅಂಗಿಗೆ ತುರುಕಿದ್ದೆ. ಟಿವಿ ಮೊದಲು ತೋರಿಸಬೇಕಾದ್ದನ್ನು ಆಮೇಲೆ ತೋರಿಸಿತು. ಕೈ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗುತ್ತದೆ, ಸೆಕೆಂಡಿಗೆ 25 ಸಲ. ಸಾಲದ್ದಕ್ಕೆ 576 ಸಾಲನ್ನು 1080 ಕ್ಕೆ ಎಳೆದಾಗ ಎರಡು ಕ್ಷಣದ ಸಾಲುಗಳೂ ಕಲಸಿ ಹೋಗಿದ್ದವು. ಬರೀ ಕ್ರಮ ತಿರುಗಿಸಿದರೂ ಸರಿಯಾಗದ ಸ್ಥಿತಿ.

ಸರಿಯಾದ ದಾರಿ ಸ್ವಲ್ಪ ಸುತ್ತಿನದು. ಮೊದಲು ಡಿವಿಯ ಎರಡೂ ಫೀಲ್ಡನ್ನು ಬಿಡಿಸಿ, ಸೆಕೆಂಡಿಗೆ 50 ಪೂರ್ತಿ ಚಿತ್ರ ಮಾಡಿಕೊಳ್ಳಬೇಕು. ಎಫ್‌ಎಫ್‌ಎಂಪೆಗ್‌ನ ಬಿಡಬ್ಲ್ಯುಡಿಐಎಫ್ ಫಿಲ್ಟರ್ ಇದನ್ನು ಚೆನ್ನಾಗಿ ಮಾಡುತ್ತದೆ. ಆಮೇಲೆ ಆ 50 ಚಿತ್ರಗಳನ್ನು 1080 ಎತ್ತರಕ್ಕೆ ಎಳೆಯಬೇಕು. ಕೊನೆಗೆ ಮೇಲಿನ ಸಾಲು ಮೊದಲು ಬರುವಂತೆ ಮತ್ತೆ ಹೆಣೆಯಬೇಕು. ಅಗಲದ ಲೆಕ್ಕವೂ ಬೇರೆ. ಚಿತ್ರ 4:3, ಆದರೆ ಎಚ್‌ಡಿವಿಯ ಪಿಕ್ಸೆಲ್ ಅಡ್ಡಕ್ಕೆ ಹಿಗ್ಗುವಂಥದ್ದು. ಆದ್ದರಿಂದ 1440 ರ ಒಳಗೆ ಅಜ್ಜನಿಗೆ 1080 ಅಗಲ, ಎಡಬಲಕ್ಕೆ 180 ಕಪ್ಪು. ನೋಡಲು ಚೌಕ ಅನ್ನಿಸುತ್ತದೆ, ಟಿವಿಯಲ್ಲಿ ಸರಿಯಾದ 4:3 ಆಗಿ ಹರಡಿಕೊಳ್ಳುತ್ತದೆ. ಮೊದಲ ಸಲ ಇದನ್ನೂ ತಪ್ಪಿ ಅಜ್ಜನನ್ನು ದಪ್ಪ ಮಾಡಿದ್ದೆ.

ಕೈ ನಿಂತಿತು. ಅಂದರೆ, ಬೀಸಬೇಕಾದಷ್ಟು ಬೀಸಿತು.

ಒಂದು ಮಾತು. ಆಟದ ಗಿರಕಿ, ಮಂಡಿ ಕುಣಿತದಲ್ಲಿ ಈ ಫೀಲ್ಡಿನ ತಪ್ಪು ಇನ್ನೂ ಭಯಂಕರ ಕಾಣುತ್ತದೆ. ಎಚ್‌ಡಿವಿಯಿಂದ ಎಚ್‌ಡಿವಿಗೇ ಹೋದ ಕಾರಣ ಅಲ್ಲಿ ತೊಂದರೆ ಬರಲಿಲ್ಲ. ಪರೀಕ್ಷೆಯನ್ನು ಕ್ಯಾಮೆರಾದಿಂದ ಟಿವಿಗೆ ಹಾಕಿಯೇ ಮಾಡಿ. ಕಂಪ್ಯೂಟರ್ ಪರದೆ ಸಾಲುಗಳನ್ನು ಕಲಸಿ ತೋರಿಸಿ, ಎಲ್ಲ ಸರಿ ಇದೆ ಅಂತ ಸುಮ್ನೆ ಸಮಾಧಾನ ಮಾಡುತ್ತದೆ.

ನಲವತ್ತೊಂದನೇ ನಿಮಿಷ

ಪೂರ್ತಿ 58 ನಿಮಿಷ ಇಳಿಸಲು ಒಂದು ಭಾನುವಾರ ಕೂತೆ. ಟೇಪಿನ ಮೊದಲ ಕೆಲವು ಸೆಕೆಂಡ್ ನಂಬುವಂಥದ್ದಲ್ಲ. ಕ್ಯಾಮೆರಾ ಓಟಕ್ಕೆ ಬರಲು ಸಮಯ ಬೇಕು, ಜೊತೆಗೆ ಟೇಪು ಸವೆಯುವುದೂ ಅಲ್ಲೇ. ಹಾಗಾಗಿ ಶುರುವಿಗೆ 20 ಸೆಕೆಂಡ್ ಕಪ್ಪು ಹಾಕಿದ್ದೆ. ಎಲ್ಲ ಚೆನ್ನಾಗಿ ನಡೆಯಿತು. 41ನೇ ನಿಮಿಷಕ್ಕೆ ಚಿತ್ರ ನಿಂತಿತು.

ಫೈಲ್ ಇದ್ದದ್ದು ಹೊರಗಿನ ಯುಎಸ್‌ಬಿ ಡಿಸ್ಕಿನಲ್ಲಿ. ಬೇಕಾದ ವೇಗ ಸೆಕೆಂಡಿಗೆ ಮೂರು ಚಿಲ್ಲರೆ ಮೆಗಾಬೈಟ್, ಅದೇನೂ ದೊಡ್ಡದಲ್ಲ. ಆದರೆ ಡಿಸ್ಕು ಒಂದು ಗಳಿಗೆ ತೂಕಡಿಸಿತು. ಟೇಪು ಯಾರಿಗೂ ಕಾಯುವುದಿಲ್ಲ. ತಂತಿಯಲ್ಲಿ ಮಾಲು ಬಂದರೂ ಬರದಿದ್ದರೂ ಅದು ಓಡುತ್ತಲೇ ಇರುತ್ತದೆ.

40ನೇ ನಿಮಿಷಕ್ಕೆ ಹಿಂದೆ ಸುತ್ತಿ ಅಲ್ಲಿಂದ ಸೇರಿಸೋಣ ಅಂತ ಆಸೆ ಆಯಿತು. ಇಲ್ಲಿ ಆ 12 ಫ್ರೇಮಿನ ಕಟ್ಟು ಅಡ್ಡ ಬಂತು. ಹಳೇ ಕಟ್ಟು ಅರ್ಧದಲ್ಲಿ ಕಡಿದು, ಹೊಸ ಕಟ್ಟು ಶುರುವಾಗುವ ತನಕ ಚಿತ್ರ ಕಲ್ಲಾಗಿ ನಿಲ್ಲುತ್ತದೆ. ಬಣ್ಣದ ವೇಷ ಬಾಯಿ ತೆರೆದು ನಿಂತ ಜಾಗ ಬೇರೆ ಅದು. ಮೊದಲಿನಿಂದ ಮತ್ತೆ ಹಾಕಿದೆ. ಫೈಲನ್ನು ಒಳಗಿನ ಡಿಸ್ಕಿಗೆ ನಕಲು ಮಾಡಿ, ಡಿಸ್ಕ್ ಮಲಗುವ ಆಯ್ಕೆ, ಸ್ಕ್ರೀನ್‌ಸೇವರ್, ಹಿನ್ನೆಲೆಯಲ್ಲಿ ಓಡುವ ಎಲ್ಲವನ್ನೂ ಆಫ್ ಮಾಡಿ, ಮೌಸನ್ನೂ ಮುಟ್ಟದೆ 58 ನಿಮಿಷ ಕಾವಲು ಕೂತೆ. ಎರಡನೇ ಸಲ ಪೂರ್ತಿ ಇಳಿಯಿತು.

ಟೇಪು ಇಲ್ಲದ, ಕಾರ್ಡಿನ ಕ್ಯಾಮ್‌ಕಾರ್ಡರ್ ಇರುವವರಿಗೂ ಇದೇ ಪ್ರಶ್ನೆ ಬರುತ್ತದೆ. ಅವು ಹೆಚ್ಚಾಗಿ ಎವಿಸಿಎಚ್‌ಡಿ ಅನ್ನುವ ಮಾದರಿ, 2006 ರಲ್ಲಿ ಸೋನಿ, ಪ್ಯಾನಾಸೋನಿಕ್ ಸೇರಿ ತಂದದ್ದು. ಭಾವನ ಕ್ಯಾಮೆರಾದಲ್ಲಿ ಪ್ರಯತ್ನಿಸಿ ನೋಡಿದೆ. ಕಾರ್ಡಿಗೆ ಸುಮ್ನೆ ಒಂದು ಎಂಪಿ4 ಎಸೆದರೆ ಕ್ಯಾಮೆರಾ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅದು ಪ್ರೈವೇಟ್, ಅದರೊಳಗೆ ಎವಿಸಿಎಚ್‌ಡಿ, ಅದರೊಳಗೆ ಬಿಡಿಎಂವಿ ಅನ್ನುವ ಫೋಲ್ಡರಿಗೆ ಹೋಗಿ ಅಲ್ಲಿನ ಇಂಡೆಕ್ಸ್, ಪ್ಲೇಲಿಸ್ಟ್ ಓದುತ್ತದೆ. ಚಿತ್ರ ಇರುವ ಎಂಟಿಎಸ್ ಫೈಲು ಸ್ಟ್ರೀಮ್ ಫೋಲ್ಡರಿನಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಇಲ್ಲದಂತೆಯೇ. ಟಿಎಸ್‌ಮಕ್ಸರ್ ಅನ್ನುವ ಪ್ರೋಗ್ರಾಂ ಈ ಫೋಲ್ಡರುಗಳನ್ನು ಕಟ್ಟಿಕೊಡುತ್ತದೆ. ಹೆಸರುಗಳನ್ನು ಮಾತ್ರ ಎಂಟು ಅಕ್ಷರ, ಮೂರು ಅಕ್ಷರದ ಹಳೇ ರೀತಿಗೆ ನಾವೇ ಬದಲಿಸಬೇಕು. ಭಾವನ ಕ್ಯಾಮೆರಾ ಅಷ್ಟಕ್ಕೂ ಒಪ್ಪಲಿಲ್ಲ. ಅದರ ಜೊತೆ ಬಂದ ಸಿಡಿಯ ಸಾಫ್ಟ್‌ವೇರಿನಿಂದ ಬರೆಸಿದಾಗ ಒಪ್ಪಿತು. ಆ ಸಿಡಿ ಇದ್ದರೆ ಎಸೆಯಬೇಡಿ.

ಬಸ್ಸಿನ ಎಸಿ

ನವರಾತ್ರಿಗೆ ಎರಡು ದಿನ ಇರುವಾಗ ರಾತ್ರಿಯ ಎಸಿ ಬಸ್ಸು ಹತ್ತಿದೆ. ಕ್ಯಾಮೆರಾ, ಟೇಪು ತೊಡೆಯ ಮೇಲೆ. ಬೆಳಗ್ಗೆ ಏಳಕ್ಕೆ ಮನೆ. ಹಿಂದಿನ ರಾತ್ರಿ ಮಳೆ ಬಂದು ಜಗಲಿಯೆಲ್ಲ ಬೆವರಿತ್ತು. ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ, ಅಲ್ಲೇ ಬ್ಯಾಗ್ ಬಿಚ್ಚಿ ಕ್ಯಾಮೆರಾ ಆನ್ ಮಾಡಿದರು. ಪರದೆಯ ಮೇಲೆ ಹನಿಯ ಗುರುತು ಮಿನುಗಿತು. ಟೇಪಿನ ಬಾಗಿಲು ಬಿಟ್ಟರೆ ಬೇರೆ ಯಾವ ಗುಂಡಿಯೂ ಕೆಲಸ ಮಾಡಲಿಲ್ಲ.

ನಾನು ಹೆದರಿದೆ. ಅವರು ಹೆದರಲಿಲ್ಲ. ರಾತ್ರಿಯಿಡೀ ತಣ್ಣಗಿದ್ದ ಯಂತ್ರವನ್ನು ಒದ್ದೆ ಗಾಳಿಗೆ ತೆಗೆದರೆ ಒಳಗಿನ ಹೆಡ್ ಡ್ರಮ್ಮಿನ ಮೇಲೆ ನೀರು ಕೂರುತ್ತದೆ. ಒದ್ದೆ ಡ್ರಮ್ಮಿಗೆ ಟೇಪು ಅಂಟಿ ಹರಿಯುತ್ತದೆ, ಅದಕ್ಕೇ ಕ್ಯಾಮೆರಾ ತಾನೇ ಬಾಗಿಲು ಹಾಕಿಕೊಂಡಿದ್ದು. ದುಬೈಯಲ್ಲಿ ಎಸಿ ಕಾರಿನಿಂದ ಇಳಿದು ಬೀಚಿಗೆ ಹೋದಾಗಲೆಲ್ಲ ಹೀಗೇ ಆಗುತ್ತಿತ್ತಂತೆ. ಟೇಪು ಹೊರಗೆ ತೆಗೆದು, ಮುಚ್ಚಳ ತೆರೆದಿಟ್ಟು, ದೇವರ ಕೋಣೆಯ ಒಣ ಜಾಗದಲ್ಲಿ ಇಟ್ಟರು. ಬ್ಯಾಗಿನಲ್ಲೇ ಬಿಟ್ಟು ಹವೆಗೆ ಹೊಂದಿಕೊಂಡ ಮೇಲೆ ತೆಗೆಯಬೇಕಿತ್ತು ಅಂತ ನನಗೆ ಹೇಳಿದರು. ಬಿಚ್ಚಿದವರು ಅವರೇ.

ನೀರುದೋಸೆ ಆಯಿತು, ಚಾ ಆಯಿತು, ಎರಡು ಗಂಟೆ ಹೋಯಿತು. ಹನಿಯ ಗುರುತು ಮಾಯ ಆದ ಮೇಲೆ ದೊಡ್ಡಪ್ಪ ವಯರ್ ಟಿವಿಗೆ ಚುಚ್ಚಿದರು. ಗುಂಡಿ ಒತ್ತಿದರು. 20 ಸೆಕೆಂಡ್ ಕಪ್ಪು. ಆಮೇಲೆ ಅಜ್ಜ.

ಯಾರೂ ಮಾತಾಡಲಿಲ್ಲ. ದೊಡ್ಡಪ್ಪ ಹಿಂದೆ ಸುತ್ತಿ ಆ ಇಪ್ಪತ್ತು ಸೆಕೆಂಡನ್ನು ಇನ್ನೊಮ್ಮೆ ಹಾಕಿದರು. ಆಮೇಲೆ ದಿನಾಂಕ ತೋರಿಸುವ ಗುಂಡಿ ಒತ್ತಿದರು. ಬರೀ ಗೀಟು ಬಂತು. ಚೀಟಿಯಲ್ಲಿ ದಿನಾಂಕ ಬರೆಯಲು ವೆಗಾಸಿಗೂ ಗೊತ್ತಿರಲಿಲ್ಲ. "ಹೋಗ್ಲಿ, ಅದು ನಮಗೆ ಗೊತ್ತುಂಟಲ್ಲ" ಅಂದರು.

58 ನಿಮಿಷ ಪೂರ್ತಿ ನೋಡಿದರು. ಮೂರನೇ ಟೇಪಿನಿಂದ ಬಂದ ಒಂದು ಕಡೆ ಚಿತ್ರ ಅರ್ಧ ಸೆಕೆಂಡ್ ನಿಂತದ್ದು ನನಗೆ ಮಾತ್ರ ಗೊತ್ತಾಯಿತು. ಮಂಗಳ ಮುಗಿದ ಮೇಲೆ ಟೇಪು ಹೊರತೆಗೆದು, ಹಿಂದಿನ ಪುಟ್ಟ ತಡೆಯನ್ನು ಉಗುರಿನಿಂದ ಸೇವ್ ಕಡೆಗೆ ತಳ್ಳಿ, ಲೇಬಲ್ಲಿನ ಮೇಲೆ 8 ಅಂತ ಬರೆದರು. ಸ್ಟೀಲ್ ಡಬ್ಬದ ಮುಚ್ಚಳ ತೆಗೆದು ಅದನ್ನು ಒಳಗಿಟ್ಟು, ಹಾಗೇ ಒಂದು ನಿಮಿಷ ಯೋಚನೆ ಮಾಡಿದರು.

"ಅಲ್ಲ ಮಾರಾಯಾ, ಹಾಸ್ಯಗಾರ ಎಲ್ಲಿ?"

ಉದ್ದ ಆಯಿತು ಅಂತ ತೆಗೆದೆ ಅಂದೆ. ಅವರು ಏನೂ ಹೇಳಲಿಲ್ಲ. ಡಬ್ಬದಿಂದ 5 ನೇ ಟೇಪು ತೆಗೆದು ಕ್ಯಾಮೆರಾಕ್ಕೆ ಹಾಕಿದರು. ದೊಡ್ಡಮ್ಮ ಒಲೆ ಆರಿಸಿ ಬಂದು ಕೂತರು. ನಾವೆಲ್ಲ ಆ ಟೇಪನ್ನು ಪೂರ್ತಿ ಒಂದು ಗಂಟೆ ನೋಡಿದೆವು.